ಮಿರಜ್ ಗಾಡಿಯ ಗೆರೆ, ಮಂಗಳದ ಗೆರೆ

ಬೋರಗಾಂವಕ್ಕೆ ರೈಲಿಲ್ಲ. ನಿಪ್ಪಾಣಿ ತಾಲ್ಲೂಕಿನ ಈ ಗಡಿ ಊರಿನವರು ರೈಲಿನಲ್ಲಿ ಬೆಳಗಾವಿಗೋ ಬೆಂಗಳೂರಿಗೋ ಹೋಗಬೇಕೆಂದರೆ ಮೊದಲು ಮಿರಜ್ ಕಡೆಗೋ ರಾಯಬಾಗದ ಕಡೆಗೋ ಹೊರಡಬೇಕು. ಮಿರಜ್ ಬಿಟ್ಟ ಗಾಡಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ದಾಟಿ ಬೆಳಗಾವಿ ಸೇರುತ್ತದೆ. ಕಿಟಕಿ ಪಕ್ಕ ಕೂತವರಿಗೆ ಇದು ನಿಲ್ದಾಣಗಳ ಸಾಲು. ಗಾಡಿಗಳ ಓಡಾಟ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್‌ಗೆ ಇದೇ ದಾರಿ ಒಂದು ಚಿತ್ರ. ಹಾಳೆಯ ಎಡಬದಿಯಲ್ಲಿ ಮೇಲಿಂದ ಕೆಳಗೆ ನಿಲ್ದಾಣಗಳ ಹೆಸರು, ಅಡ್ಡಕ್ಕೆ ಗಂಟೆ ನಿಮಿಷ, ನಡುವೆ ಒಂದೊಂದು ಗಾಡಿಗೂ ಒಂದೊಂದು ಓರೆ ಗೆರೆ. ಹಿಂದೆ ಪೆನ್ಸಿಲಿನಿಂದ ಎಳೆಯುತ್ತಿದ್ದ ಆ ಗೆರೆಗಳನ್ನು ಈಗ ಕಂಪ್ಯೂಟರ್ ಎಳೆಯುತ್ತದೆ.

ಈ ಚಾರ್ಟ್ ಓದುವುದು ಕಷ್ಟವೇನಲ್ಲ. ಎಕ್ಸ್‌ಪ್ರೆಸ್ ಗಾಡಿಯ ಗೆರೆ ಕಡಿದಾಗಿರುತ್ತದೆ, ಗೂಡ್ಸಿನದು ಸಾವಕಾಶವಾಗಿ ಇಳಿಯುತ್ತದೆ. ಕುಡಚಿಯಲ್ಲಿ ಗಾಡಿ ಹತ್ತು ನಿಮಿಷ ನಿಂತರೆ ಗೆರೆ ಅಷ್ಟು ಹೊತ್ತು ಮಟ್ಟಸವಾಗಿ ಮುಂದೆ ಸಾಗುತ್ತದೆ, ಏಕೆಂದರೆ ಗಾಡಿ ನಿಂತರೂ ಹೊತ್ತು ನಿಲ್ಲುವುದಿಲ್ಲ. ಎದುರುಬದುರು ಬರುವ ಎರಡು ಗೆರೆಗಳು ಕತ್ತರಿಸಿದಲ್ಲಿ ಕ್ರಾಸಿಂಗ್. ಒಂಟಿ ಹಳಿಯ ಕಾಲದಲ್ಲಿ ಆ ಬಿಂದು ಯಾವುದಾದರೂ ನಿಲ್ದಾಣದ ಸಾಲಿನ ಮೇಲೇ ಬೀಳಬೇಕಿತ್ತು. ಎರಡು ನಿಲ್ದಾಣಗಳ ನಡುವೆ ಬಿತ್ತೆಂದರೆ ಡಿಕ್ಕಿ.

ಸಾಪೇಕ್ಷತಾ ಸಿದ್ಧಾಂತದ ಹೆಸರು ಕೇಳಿದರೇ ಹಿಂಜರಿಯುವವರು ಈ ಚಾರ್ಟನ್ನು ನೋಡಬೇಕು. ಭೌತವಿಜ್ಞಾನಿಗಳು ದೇಶಕಾಲದ ನಕ್ಷೆ ಎನ್ನುವುದು ಇದರ ಒಡಹುಟ್ಟನ್ನೇ. ‘ದೇಶಕಾಲ’ ಕನ್ನಡಕ್ಕೆ ಹೊಸ ಮಾತಲ್ಲ; ಪೂಜೆಯ ಸಂಕಲ್ಪದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಳ್ಳುವುದು ದೇಶ ಯಾವುದು, ಕಾಲ ಯಾವುದು ಎಂಬುದನ್ನೇ. ಲಗ್ನಪತ್ರಿಕೆಯಲ್ಲೂ ಕಾರ್ಯಾಲಯದ ಹೆಸರಿದ್ದು ಮುಹೂರ್ತ ಇಲ್ಲದಿದ್ದರೆ, ಮುಹೂರ್ತವಿದ್ದು ಊರಿಲ್ಲದಿದ್ದರೆ ಬೀಗರು ಬಂದು ತಲುಪಲಾರರು. ಎಲ್ಲಿ, ಯಾವಾಗ ಎರಡೂ ಸೇರಿದರೆ ಒಂದು ಘಟನೆ. ನಕ್ಷೆಯ ಮೇಲೆ ಅದು ಒಂದು ಚುಕ್ಕೆ.

ಈ ಚುಕ್ಕೆ ಗೆರೆಗಳಿಗೆ ಭೌತವಿಜ್ಞಾನದಲ್ಲಿ ಜಾಗ ಕೊಟ್ಟವರು ಗಣಿತಜ್ಞ ಹರ್ಮನ್ ಮಿಂಕೋವ್ಸ್ಕಿ. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್ ಓದುತ್ತಿದ್ದಾಗ ಅವರಿಗೆ ಗಣಿತ ಕಲಿಸಿದವರು ಇವರೇ. ಶಿಷ್ಯ 1905ರಲ್ಲಿ ಪ್ರಕಟಿಸಿದ ಸಿದ್ಧಾಂತಕ್ಕೆ ಗುರು ಜ್ಯಾಮಿತಿಯ ರೂಪ ಕೊಟ್ಟರು. 1908ರ ಸೆಪ್ಟೆಂಬರ್ 21ರಂದು ಜರ್ಮನಿಯ ಕಲೋನ್ ನಗರದಲ್ಲಿ ಅದರ ಬಗ್ಗೆ ಉಪನ್ಯಾಸ ಮಾಡಿದ ಮಿಂಕೋವ್ಸ್ಕಿ ನಾಲ್ಕು ತಿಂಗಳು ತುಂಬುವ ಮೊದಲೇ, 44ನೇ ವಯಸ್ಸಿನಲ್ಲಿ, ಅಪೆಂಡಿಕ್ಸ್ ತೊಂದರೆಯಿಂದ ತೀರಿಕೊಂಡರು. ಐನ್‌ಸ್ಟೈನ್ ಮತ್ತು ಮಿಂಕೋವ್ಸ್ಕಿಯವರ ಮೂಲ ಪ್ರಬಂಧಗಳನ್ನು ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಇಂಗ್ಲಿಷಿಗೆ ಅನುವಾದಿಸಿದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಪುಸ್ತಕವಾಗಿ ತಂದಿತು. ಮೂವತ್ತೂ ತುಂಬದ ಇಬ್ಬರು ತರುಣರ ಆ ಕೆಲಸ ನಮ್ಮಲ್ಲಿ ಇನ್ನಷ್ಟು ಪ್ರಸಿದ್ಧವಾಗಬೇಕಿತ್ತು.

ಮಿಂಕೋವ್ಸ್ಕಿಯ ನಕ್ಷೆಗೂ ರೈಲ್ವೆ ಚಾರ್ಟಿಗೂ ಎರಡು ವ್ಯತ್ಯಾಸ. ಮಿಂಕೋವ್ಸ್ಕಿಯದರಲ್ಲಿ ಸಾಮಾನ್ಯವಾಗಿ ಹೊತ್ತು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ದೂರ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಎರಡನೆಯದು ಅಳತೆ. ಮೇಲಕ್ಕೆ ಒಂದು ಮನೆ ಎಂದರೆ ಒಂದು ಸೆಕೆಂಡು, ಅಡ್ಡಕ್ಕೆ ಒಂದು ಮನೆ ಎಂದರೆ ಬೆಳಕು ಒಂದು ಸೆಕೆಂಡಿನಲ್ಲಿ ಸಾಗುವ 2,99,792 ಕಿ.ಮೀ. ಈ ಅಳತೆಯಲ್ಲಿ ಎಕ್ಸ್‌ಪ್ರೆಸ್ ಗಾಡಿಯೂ ಕಬ್ಬಿನ ಟ್ರ್ಯಾಕ್ಟರೂ ಕಟ್ಟೆಯ ಮೇಲೆ ಕೂತ ಅಜ್ಜನೂ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವ ಗೆರೆಗಳೇ. ಬೆಳಕಿನ ಗೆರೆ ಮಾತ್ರ ಸರಿಯಾಗಿ 45 ಡಿಗ್ರಿ ಓರೆ.

ಬೋರಗಾಂವದಲ್ಲಿ ಈ ಕ್ಷಣ ಒಬ್ಬ ರೈತ ಟಾರ್ಚ್ ಹಚ್ಚಿದ ಎನ್ನೋಣ. ಆ ಚುಕ್ಕೆಯಿಂದ ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಎರಡು ಗೆರೆ ಮೇಲೇಳುತ್ತವೆ. ಅವುಗಳ ನಡುವಿನ ಜಾಗ ಬಾಯಿ ಮೇಲಾದ ಲಾಳಿಕೆಯಂತಿರುತ್ತದೆ. ಇದಕ್ಕೆ ಬೆಳಕಿನ ಶಂಕು ಎಂದು ಹೆಸರು. ಟಾರ್ಚ್ ಹಚ್ಚಿದ್ದರಿಂದ ಏನೇನು ಆಗಬಹುದೋ ಅದೆಲ್ಲ ಶಂಕುವಿನ ಒಳಗೆ ಅಥವಾ ಅಂಚಿನ ಮೇಲೆಯೇ ಆಗಬೇಕು. ಅದೇ ಚುಕ್ಕೆಯಿಂದ ಕೆಳಕ್ಕೆ ಇನ್ನೊಂದು ಶಂಕು ಇದೆ. ರೈತನ ಕೈ ಗುಂಡಿ ಒತ್ತಲು ಕಾರಣವಾಗಿರಬಹುದಾದ ಸಕಲವೂ ಅದರೊಳಗಿದೆ. ಎರಡೂ ಶಂಕುಗಳ ಹೊರಗೆ ಉಳಿಯುವ ಎಡಬಲದ ಬಯಲಿಗೂ ಈ ಟಾರ್ಚಿಗೂ ಕೊಡುಕೊಳ್ಳುವಿಕೆಯೇ ಇಲ್ಲ. ಅಲ್ಲಿನ ಸುದ್ದಿ ಇನ್ನೂ ಬಂದಿಲ್ಲ, ಇಲ್ಲಿನ ಸುದ್ದಿ ಇನ್ನೂ ಹೋಗಿಲ್ಲ.

ಸಾಪೇಕ್ಷತೆಯ ನಿಜವಾದ ಬೆರಗು ಈ ಹೊರಗಿನ ಬಯಲಿನಲ್ಲಿದೆ. ಬೋರಗಾಂವದಲ್ಲಿ ಒಂದು ದೀಪ, ನೆಟ್ಟಗೆ 300 ಕಿ.ಮೀ. ದೂರದ ಊರಲ್ಲಿ ಇನ್ನೊಂದು ದೀಪ. ಬೆಳಕಿಗೆ ಆ ದೂರ ಒಂದು ಮಿಲಿಸೆಕೆಂಡಿನ ಹಾದಿ, ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ನೆಲದ ಮೇಲಿನ ಗಡಿಯಾರಗಳ ಲೆಕ್ಕದಲ್ಲಿ ಬೋರಗಾಂವದ ದೀಪ ಮೊದಲು, ಅರ್ಧ ಮಿಲಿಸೆಕೆಂಡಿನ ನಂತರ ಆಚೆ ಊರಿನದು ಹೊತ್ತಿತು. ಈಗ ಬೋರಗಾಂವದಿಂದ ಆ ಊರಿನ ದಿಕ್ಕಿಗೆ ಬೆಳಕಿನ ಅರ್ಧ ವೇಗದಲ್ಲಿ ಸಾಗುವ ಪ್ರಯಾಣಿಕನೊಬ್ಬನ ಗಡಿಯಾರಗಳನ್ನು ಕೇಳಿದರೆ, ಎರಡೂ ದೀಪ ಒಟ್ಟಿಗೇ ಹೊತ್ತಿದವು. ಬೆಳಕಿನ ಶೇ 60ರ ವೇಗದವನ ಲೆಕ್ಕದಲ್ಲಿ ಆಚೆ ಊರಿನ ದೀಪವೇ 0.125 ಮಿಲಿಸೆಕೆಂಡು ಮೊದಲು. ಬೆಳಕು ಕಣ್ಣಿಗೆ ತಲುಪಲು ತಗಲುವ ಹೊತ್ತನ್ನು ಕಳೆದ ಮೇಲೂ ಉಳಿಯುವ ವ್ಯತ್ಯಾಸವಿದು. ಕಣ್ಣಿನ ಭ್ರಮೆಯಲ್ಲ, ಗಡಿಯಾರದ ತಪ್ಪೂ ಅಲ್ಲ. ಮೂವರ ಲೆಕ್ಕವೂ ಸರಿ.

ಹಾಗಾದರೆ ಅಪ್ಪನಿಗಿಂತ ಮೊದಲು ಮಗ ಹುಟ್ಟಿದ್ದನ್ನು ಯಾರಾದರೂ ಕಾಣಬಹುದೇ? ಆಗದು. ಎರಡನೇ ದೀಪ ಅರ್ಧದ ಬದಲು ಎರಡು ಮಿಲಿಸೆಕೆಂಡಿನ ನಂತರ ಹೊತ್ತಿದ್ದರೆ ಅದು ಮೊದಲ ದೀಪದ ಶಂಕುವಿನ ಒಳಗೆ ಬೀಳುತ್ತಿತ್ತು. ಆಗ ಶೇ 60ರ ವೇಗದವನಿಗೂ ಬೋರಗಾಂವದ್ದೇ 1.75 ಮಿಲಿಸೆಕೆಂಡು ಮೊದಲು. ಬೆಳಕಿಗಿಂತ ಕಡಿಮೆ ವೇಗದ ಯಾರೇ ಅಳೆದರೂ ಅಂತರ ಬದಲಾದೀತು, ಸರದಿ ಬದಲಾಗದು. ಹಿಂದುಮುಂದಾಗುವುದು ಒಂದಕ್ಕೊಂದು ಸಂಬಂಧವೇ ಇರಲಾರದ ಘಟನೆಗಳು ಮಾತ್ರ. ಕಾರಣ ಮತ್ತು ಪರಿಣಾಮದ ಜೋಡಿಗೆ ಶಂಕುವೇ ಕಾವಲು.

ಈ ಕಾವಲು ಎಷ್ಟು ಬಿಗಿ ಎಂಬುದು ಹೊಲದ ಮೋಟರಿನಿಂದ ತಿಳಿಯುತ್ತದೆ. ಕಬ್ಬಿಗೆ ನೀರು ಬಿಡಲು ಮನೆಯಲ್ಲೇ ಕೂತು ಮೊಬೈಲ್ ಸ್ಟಾರ್ಟರ್‌ಗೆ ಕರೆ ಮಾಡುವುದು ಈಗ ರೂಢಿ. ಆ ಸಂಕೇತ ಬೆಳಕಿನ ಎರಡು ಪಟ್ಟು ವೇಗದಲ್ಲಿ ಹೋಗುತ್ತದೆಂದೂ, ಮೋಟರು 300 ಕಿ.ಮೀ. ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಒತ್ತಿದ ಅರ್ಧ ಮಿಲಿಸೆಕೆಂಡಿಗೆ ಮೋಟರು ಚಾಲೂ. ದೀಪದ ಲೆಕ್ಕವೇ ಇಲ್ಲೂ ಅನ್ವಯ: ಶೇ 60ರ ವೇಗದ ಪ್ರಯಾಣಿಕನ ಗಡಿಯಾರದಲ್ಲಿ ಮೋಟರು ಮೊದಲು ಚಾಲೂ ಆಗಿ, ಆಮೇಲೆ ರೈತ ಗುಂಡಿ ಒತ್ತುತ್ತಾನೆ. ಅಂಥ ಪ್ರಯಾಣಿಕನ ಕೈಯಲ್ಲೂ ಸಾಕಷ್ಟು ವೇಗದ ಇನ್ನೊಂದು ಸ್ಟಾರ್ಟರ್ ಇದ್ದರೆ, ‘ಒತ್ತಬೇಡ’ ಎಂಬ ಸಂದೇಶವನ್ನು ಒತ್ತುವ ಮೊದಲೇ ರೈತನಿಗೆ ಮುಟ್ಟಿಸಬಹುದು. ರೈತ ಒತ್ತದಿದ್ದರೆ ಮೋಟರು ಚಾಲೂ ಆಗಿದ್ದು ಹೇಗೆ?

ಈ ಗಂಟನ್ನು ಬಿಡಿಸಲು ಗಂಭೀರವಾಗಿ ಕೂತವರಲ್ಲಿ ಭಾರತೀಯರೂ ಇದ್ದರು. ಇ.ಸಿ.ಜಿ. ಸುದರ್ಶನ್ ಅವರು ಬಿಲಾನಿಯುಕ್ ಮತ್ತು ದೇಶಪಾಂಡೆಯವರ ಜೊತೆ 1962ರಲ್ಲಿ ಬರೆದ ಪ್ರಬಂಧ, ಹುಟ್ಟಿನಿಂದಲೇ ಬೆಳಕಿಗಿಂತ ವೇಗವಾಗಿರುವ ಕಣಗಳನ್ನು ಸಾಪೇಕ್ಷತೆ ನೇರವಾಗಿ ನಿಷೇಧಿಸುವುದಿಲ್ಲ ಎಂದು ವಾದಿಸಿತು. ಕಾಲದಲ್ಲಿ ಹಿಂದಕ್ಕೆ ಹೋದಂತೆ ಕಾಣುವ ಕಣವನ್ನು, ಮುಂದಕ್ಕೆ ಹೋಗುತ್ತಿರುವ, ಆದರೆ ಕಳಿಸಿದವರು ಮತ್ತು ಪಡೆದವರು ಅದಲುಬದಲಾದ ಕಣವೆಂದು ಓದಿಕೊಳ್ಳಬಹುದು ಎಂಬುದು ಅವರ ಜಾಣ ಪರಿಹಾರ. 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಅವುಗಳಿಗೆ ಟ್ಯಾಕಿಯಾನ್ ಎಂದು ಹೆಸರಿಟ್ಟರು. ಹೆಸರು ಉಳಿಯಿತು, ಕಣ ಇದುವರೆಗೆ ಸಿಕ್ಕಿಲ್ಲ. 2011ರಲ್ಲಿ ಜಿನೀವಾ ಬಳಿಯಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊಗೆ ಹೋದ ನ್ಯೂಟ್ರಿನೊ ಎಂಬ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು ಮೊದಲು ತಲುಪಿದಂತೆ ಕಂಡಾಗ ಜಗತ್ತೇ ಕಣ್ಣರಳಿಸಿತು. ಮರುವರ್ಷ ಮುಖ್ಯ ಕಾರಣ ಗೊತ್ತಾಯಿತು: ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್.

ಶಂಕುವಿನ ಅಂಚನ್ನು ದಾಟಲಾಗದು ಎಂಬುದನ್ನು ಕರ್ನಾಟಕದ ನೆಲದಲ್ಲೇ ಎಲ್ಲರೂ ಕಂಡ ಬೆಳಗು 2014ರ ಸೆಪ್ಟೆಂಬರ್ 24. ಮಂಗಳಯಾನ ನೌಕೆ ಮಂಗಳದ ಕಕ್ಷೆ ಸೇರಬೇಕಿದ್ದ ಆ ದಿನ, ಅದರ ನಿಯಂತ್ರಣ ಇದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ನೌಕೆ ಇದ್ದದ್ದು ಸುಮಾರು 22 ಕೋಟಿ ಕಿ.ಮೀ. ಆಚೆ, ರೇಡಿಯೊ ಅಲೆ ಒಂದು ಕಡೆಯ ಹಾದಿ ಮುಗಿಸಲು 12 ನಿಮಿಷ 28 ಸೆಕೆಂಡು ಬೇಕಿತ್ತು. 7 ಗಂಟೆ 17 ನಿಮಿಷ 32 ಸೆಕೆಂಡಿಗೆ ಎಂಜಿನ್ ಹೊತ್ತಿಕೊಂಡು 1,388.67 ಸೆಕೆಂಡು, ಅಂದರೆ 23 ನಿಮಿಷಕ್ಕೆ ತುಸು ಹೆಚ್ಚು, ಉರಿಯಿತು.

ಇದನ್ನು ಚಾರ್ಟ್ ಮೇಲೆ ಎಳೆದು ನೋಡಬೇಕು. ಎಂಜಿನ್ ಹೊತ್ತಿದ ಚುಕ್ಕೆಯಿಂದ ಹೊರಟ ಓರೆ ಗೆರೆ 7.30ಕ್ಕೆ ಬೆಂಗಳೂರನ್ನು ಮುಟ್ಟುತ್ತದೆ. ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿ ಆ ಕ್ಷಣವೇ ಆದೇಶ ಕಳಿಸಿದ್ದರೂ ಅದರ ಗೆರೆ ನೌಕೆಯನ್ನು ಮುಟ್ಟುವುದು 7.42 ದಾಟಿದ ಮೇಲೆ. ಅಷ್ಟರಲ್ಲಿ ಎಂಜಿನ್ ಆರಿ ಎರಡು ನಿಮಿಷದ ಹತ್ತಿರವಾಗಿರುತ್ತಿತ್ತು. ಹೋಗಿಬರುವ ಗೆರೆಗಳ ಒಟ್ಟು ಹೊತ್ತು ಎಂಜಿನ್ ಉರಿಯುವ ಹೊತ್ತಿಗಿಂತ ಹೆಚ್ಚು ಎಂದರೆ, ಬೆಂಗಳೂರಿನಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ. ಹಾಗಾಗಿಯೇ ಆದೇಶಗಳನ್ನೆಲ್ಲ ದಿನಗಳ ಮೊದಲೇ ನೌಕೆಯ ಕಂಪ್ಯೂಟರಿಗೆ ತುಂಬಿಡಲಾಗಿತ್ತು. ಆ ದಿನದ ಘಟನೆಯ ಹಿಂದಿನ ಶಂಕುವಿನೊಳಗೆ ವಿಜ್ಞಾನಿಗಳ ಕೆಲಸ ಆಗಲೇ ಮುಗಿದಿತ್ತು. ಉರಿಯುವ ನಡುವೆಯೇ ನೌಕೆ ಮಂಗಳದ ಮರೆಗೆ ಸರಿಯಿತು. ಮರೆಯಿಂದ ಹೊರಬಂದು ಅದು ಕಳಿಸಿದ ಸಂಕೇತ ಬೆಂಗಳೂರಿಗೆ ಬಂದದ್ದು ಎಂಟು ಗಂಟೆಯ ಆಸುಪಾಸಿಗೆ. ಪೀಣ್ಯದ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದಾಗ ಎಂಜಿನ್ ಆರಿ ಕಾಲು ಗಂಟೆಗೂ ಮೇಲಾಗಿತ್ತು, ನೌಕೆ ಮಂಗಳದ ಸುತ್ತ ತನ್ನ ಮೊದಲ ಸುತ್ತಿನಲ್ಲಿತ್ತು.