ಶಾಲೆಯ ಪುಸ್ತಕ ಮನೆಗೆ ಬರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಸಾಮಾನ್ಯವಾಗಿ ಒಂದು ಕಬ್ಬಿಣದ ಬೀರು. ಪ್ರಾಥಮಿಕ ಶಾಲೆಗೆ ಗ್ರಂಥಪಾಲಕರ ಹುದ್ದೆ ಇಲ್ಲ. ಬಿಸಿಯೂಟದ ಲೆಕ್ಕ, ಹಾಜರಾತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸದ ಜೊತೆಗೆ ಯಾರೋ ಒಬ್ಬ ಮೇಷ್ಟ್ರೋ ಟೀಚರೋ ಅದರ ಬೀಗದಕೈಯನ್ನೂ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಅಲ್ಲಿ ಏನೇನು ಸಿಗುತ್ತದೆ, ಅದನ್ನು ಹೇಗೆ ಪಡೆಯಬೇಕು ಎಂಬುದು ಎಷ್ಟೋ ಪೋಷಕರಿಗೆ ತಿಳಿದಿಲ್ಲ.

ಮೊದಲಿಗೆ, ಶಾಲೆಯ ಗ್ರಂಥಾಲಯ ಯಾರದೋ ದಯೆಯಿಂದ ಸಿಗುವ ಸೌಲಭ್ಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಮತ್ತು ಎಲ್ಲ ವಿಷಯಗಳ ಪುಸ್ತಕ ದೊರೆಯಬೇಕು ಎಂದಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಈ ವರ್ಷ ಏನು ಬಂತು, ಯಾವ ಪುಸ್ತಕ ತಂದರು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳಬಹುದು. ತಪ್ಪು ಹುಡುಕುವ ದನಿ ಬೇಡ, ಆಸ್ಥೆಯಿಂದ ಕೇಳಿದರೆ ಸಾಕು.

ಪುಸ್ತಕ ಕೊಡುವ ಕ್ರಮ ಬಹಳ ಸರಳ. ಬಂದ ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯಲ್ಲಿ ಒಂದು ಸಂಖ್ಯೆ ಬೀಳುತ್ತದೆ, ಅದೇ ಸಂಖ್ಯೆಯನ್ನು ಪುಸ್ತಕದ ಮೊದಲ ಪುಟದ ಮೇಲೂ ಬರೆಯುತ್ತಾರೆ. ಇನ್ನೊಂದು ವಹಿ ಮಕ್ಕಳಿಗೆ ಕೊಟ್ಟಿದ್ದರ ಲೆಕ್ಕಕ್ಕೆ. ಅದರಲ್ಲಿ ನಾಲ್ಕೇ ಕಲಂ: ಹೆಸರು, ಪುಸ್ತಕದ ಸಂಖ್ಯೆ, ಒಯ್ದ ದಿನ, ತಂದ ದಿನ. ಇದನ್ನು ಐದನೇ ತರಗತಿಯ ಇಬ್ಬರು ಮಕ್ಕಳು ಅಚ್ಚುಕಟ್ಟಾಗಿ ನಡೆಸಬಲ್ಲರು. ಶಿಕ್ಷಕರು ವಾರಕ್ಕೊಮ್ಮೆ ಕಣ್ಣಾಡಿಸಿದರೆ ಆಯಿತು. ನಲಿ-ಕಲಿ ತರಗತಿಗಳ ಪುಟ್ಟ ಮಕ್ಕಳಿಗೆ ವಹಿಯ ಗೊಡವೆಯೂ ಬೇಡ. ತರಗತಿಯ ಮೂಲೆಯಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಚಿತ್ರದ ಪುಸ್ತಕಗಳನ್ನು ಅವರ ಕೈಗೆಟಕುವ ಎತ್ತರದಲ್ಲಿ ನೇತುಹಾಕಿದರೆ ತಾವೇ ತೆಗೆದು ನೋಡುತ್ತಾರೆ.

ಬೀಗ ತೆಗೆಯದಿರುವುದಕ್ಕೆ ನಿಜವಾದ ಕಾರಣ ಭಯ. ಪುಸ್ತಕ ಹರಿದರೆ, ಕಳೆದರೆ ತಪಾಸಣೆಗೆ ಬಂದವರಿಗೆ ಏನು ಹೇಳುವುದು? ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ, ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದಷ್ಟೇ ಎನ್ನುತ್ತವೆ. ನಮ್ಮ ಶಾಲೆಗಳಿಗೆ ಅದು ನೇರವಾಗಿ ಅನ್ವಯಿಸದಿದ್ದರೂ, ಪುಸ್ತಕ ಬಳಸಿದರೆ ಒಂದಿಷ್ಟು ಸವೆದೇ ಸವೆಯುತ್ತದೆ ಎಂಬುದನ್ನು ಸರ್ಕಾರವೂ ಒಪ್ಪಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದರೆ ತೆಂಗಿನಕಾಯಿ ಕೊಬ್ಬರಿಯಾಗಿ ಬೆಲೆ ಬರುತ್ತದೆ. ಆದರೆ ಬೀರುವಿನಲ್ಲಿ ಬಿದ್ದ ಪುಸ್ತಕ ಗೆದ್ದಲ ಪಾಲು. ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಿ, ಹರಿದದ್ದಕ್ಕೆ ಮಗುವಿಗೆ ದಂಡ ಇಲ್ಲ ಎಂದು ನಡಾವಳಿಯಲ್ಲಿ ಬರೆಸಿಬಿಟ್ಟರೆ ಶಿಕ್ಷಕರಿಗೂ ಧೈರ್ಯ.

ಶಿಕ್ಷಕರಿಗೆ ಈ ಬೀರು ಇನ್ನೊಂದು ಬಗೆಯಲ್ಲೂ ಒದಗುತ್ತದೆ. ಪರಿಸರ ಅಧ್ಯಯನದಲ್ಲಿ ಗಿಡಮರಗಳ ಪಾಠ ಬಂದಾಗ, ಆ ವಿಷಯಕ್ಕೆ ಹೊಂದುವ ಪುಸ್ತಕಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಹದಿನೈದು ದಿನ ತರಗತಿಯಲ್ಲೇ ಇಡಬಹುದು. ತೆಂಗಿನ ನುಸಿ, ಕಾಂಡ ಸೋರುವ ರೋಗದ ಬಗ್ಗೆ ತೋಟಗಾರಿಕೆ ಇಲಾಖೆಯ ಕರಪತ್ರ ಸಿಕ್ಕಿದರೆ ಅದೂ ಆ ಡಬ್ಬಿಗೆ ಸೇರಲಿ. ಬೀರುವಿನಲ್ಲಿ ನಮ್ಮ ಸೀಮೆಯ ಲೇಖಕರದ್ದೇ ಒಂದು ಸಾಲು ಇರಲಿ ಎನ್ನುವುದು ನನ್ನ ಆಸೆ. ಬಿ.ಎಂ.ಶ್ರೀ 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅವರ ಪುಸ್ತಕಗಳ ಪಕ್ಕದಲ್ಲೇ ಮಕ್ಕಳು ಬರೆದ ಪುಸ್ತಕವೂ ಕೂರಬಹುದು. ಅಟ್ಟದಿಂದ ಇಳಿಸಿದ ಕಾಯನ್ನು ಅಜ್ಜಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳಲ್ಲ, ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಇದನ್ನು ಅಜ್ಜಿಯ ಬಾಯಲ್ಲೇ ಕೇಳಿ ನಾಲ್ಕು ಹಾಳೆಯಲ್ಲಿ ಬರೆದು, ಚಿತ್ರ ಬಿಡಿಸಿ, ದಾರ ಹಾಕಿ ಹೊಲಿದರೆ ಮುಗಿಯಿತು. ಅದಕ್ಕೂ ದಾಸ್ತಾನು ವಹಿಯಲ್ಲಿ ಸಂಖ್ಯೆ ಕೊಡಿ.

ಕನ್ನಡದಲ್ಲಿ ಮಕ್ಕಳ ಪುಸ್ತಕ ಸಾಲದು ಎನ್ನುವ ಶಿಕ್ಷಕರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಬೇಕು. ಅಲ್ಲಿನ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೇ ತರಗತಿಯ ಮಗು ಒಂದನೇ ಹಂತದ್ದನ್ನೇ ಎತ್ತಿಕೊಂಡರೆ ತಡೆಯಬೇಡಿ.

ಮನೆಯಲ್ಲಿ ಮಾಡಬೇಕಾದ್ದು ಕಡಿಮೆ, ಆದರೆ ಅದೇ ಮುಖ್ಯ. ಅಕ್ಷರ ಬಾರದ ಅಮ್ಮನೂ ಕಾಯಿ ಸುಲಿಸಿದ ದಿನದ ಸಂಜೆ ಅಡುಗೆ ಮಾಡುತ್ತಾ, "ಚಿತ್ರದಲ್ಲಿ ಏನೈತಪ್ಪಾ, ಮುಂದೆ ಏನಾಯ್ತು ಹೇಳು" ಎಂದು ಕೇಳಬಹುದು. ಮಗು ಕಥೆಯನ್ನು ತನ್ನ ಮಾತಿನಲ್ಲಿ ಹೇಳಿದರೆ ಓದು ಅರ್ಥವಾಗಿದೆ ಎಂದೇ. ಪ್ರಶ್ನೋತ್ತರ ಬರೆಸಲು ಹೋಗಬೇಡಿ, ಓದುವ ಸುಖ ಅಲ್ಲಿಗೇ ನಿಂತುಹೋಗುತ್ತದೆ.

ಬೇಸಿಗೆ ರಜೆಯಲ್ಲಿ ಶಾಲೆಯ ಬೀರು ಮುಚ್ಚಿದರೂ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿಗೆ ಮಕ್ಕಳು ಹೋಗಬಹುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪರೀಕ್ಷೆ ಮುಗಿಯುವ ವಾರದಲ್ಲೇ ಶಿಕ್ಷಕರು ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದು ಎಲ್ಲರ ಹೆಸರನ್ನೂ ಒಟ್ಟಿಗೆ ಬರೆಸಿದರೆ, ಪೋಷಕರು ಒಬ್ಬೊಬ್ಬರಾಗಿ ಅಲೆಯುವುದು ತಪ್ಪುತ್ತದೆ.