ಬಿ ಸೈಡ್‌ನಲ್ಲಿ ಕೂತ ಹಾಡುಗಳು

ಕಾಲಿನಿಂದ ಎರಡು ಸಲ ನೆಲ ಬಡಿಯೋದು, ಆಮೇಲೆ ಒಂದು ಚಪ್ಪಾಳೆ. ಕ್ರೀಡಾಂಗಣಗಳಲ್ಲಿ ಈ ತಾಳವನ್ನ ನೀವು ಕೇಳೇ ಇರ್ತೀರಿ. ಬ್ರಿಟನ್ನಿನ ಕ್ವೀನ್ ತಂಡದ 'ವಿ ವಿಲ್ ರಾಕ್ ಯು' ಹಾಡು ಅದು. ಆದ್ರೆ 1977ರಲ್ಲಿ ಈ ಹಾಡಿನ ಸಿಂಗಲ್ ರೆಕಾರ್ಡ್ ಬಂದಾಗ ಮುಂದುಗಡೆ ಇದ್ದದ್ದು 'ವಿ ಆರ್ ದಿ ಚಾಂಪಿಯನ್ಸ್'. ಇದು ಹಿಂದುಗಡೆ, ಅಂದ್ರೆ ಬಿ ಸೈಡ್‌ನಲ್ಲಿತ್ತು.

ಇದೊಂದೇ ಉದಾಹರಣೆ ಅಲ್ಲ. ಅಮೆರಿಕದ ಬಿಲ್ ಹೇಲಿಯ 'ರಾಕ್ ಅರೌಂಡ್ ದಿ ಕ್ಲಾಕ್' ಕೂಡ 1954ರಲ್ಲಿ ಬಿ ಸೈಡ್ ಹಾಡಾಗಿಯೇ ಬಂತು. ಮರುವರ್ಷ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಸಿನಿಮಾದಲ್ಲಿ ಬಳಸಿದರು ನೋಡಿ, ಅಲ್ಲಿ ನಂಬರ್ ಒನ್ ಆಯ್ತು. 1978ರಲ್ಲಿ ಗ್ಲೋರಿಯಾ ಗೇನರ್ ಅವರ 'ಐ ವಿಲ್ ಸರ್ವೈವ್' ಹಾಡನ್ನೂ ಕಂಪನಿ ಹಿಂದುಗಡೆ ಹಾಕಿತ್ತು. ಡಿಸ್ಕೋಗಳ ಡೀಜೆಗಳು ರೆಕಾರ್ಡ್ ತಿರುಗಿಸಿ ಹಾಕಿದರು. 1979ರಲ್ಲಿ ಅದೂ ನಂಬರ್ ಒನ್.

ಹಾಗಾದ್ರೆ ಯಾವ ಹಾಡು ಮುಂದೆ, ಯಾವುದು ಹಿಂದೆ ಅಂತ ತೀರ್ಮಾನ ಮಾಡೋದು ಯಾರು? ಒಂದು, ಕಂಪನಿಯ ಅಂದಾಜು. ಹತ್ತು ಹಾಡಿನ ಆಲ್ಬಂನಲ್ಲಿ ಎರಡೋ ಮೂರೋ ಹಾಡಿಗೆ ಪ್ರಚಾರ ಕೊಡ್ತಾರೆ. ರೇಡಿಯೋದವರು ಅವನ್ನೇ ಹಾಕ್ತಾರೆ, ನಾವು ಅವನ್ನೇ ಕೇಳ್ತೀವಿ.

ಇನ್ನೊಂದು, ಯಂತ್ರ. ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ. ಅಂಚಿನಲ್ಲಿ ಸುತ್ತು ದೊಡ್ಡದು. ಅಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತೆ. ನಡುವಿಗೆ ಬಂದಾಗ ಅದು ಸುಮಾರು 21ಕ್ಕೆ ಇಳಿಯುತ್ತೆ. ಅಷ್ಟೇ ಸದ್ದನ್ನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಗಟ್ಟಿ ಸದ್ದಿನ ಹಾಡು ಅಲ್ಲಿದ್ದರೆ ದನಿ ಒಡೆಯುತ್ತೆ. ಅದಕ್ಕೇ ಅಬ್ಬರದ ಹಾಡನ್ನ ಮೊದಲಿಗೆ, ಮೆಲುದನಿಯದನ್ನ ಕೊನೆಗೆ ಇಡುವ ರೂಢಿ ಬೆಳೀತು. ಅಂದ್ರೆ ಕೊನೆಯಲ್ಲಿರೋ ಹಾಡು ಕಳಪೆ ಅಂತೇನೂ ಅಲ್ಲ.

ಈಗ ಗೆರೆಯೂ ಇಲ್ಲ, ಮುಳ್ಳೂ ಇಲ್ಲ. ಎಲ್ಲ ಹಾಡೂ ಮೊಬೈಲಿನಲ್ಲಿದೆ. ತೀರ್ಮಾನ ಮಾತ್ರ ಸಾಫ್ಟ್‌ವೇರ್ ಕೈಗೆ ಹೋಗಿದೆ. ಒಮ್ಮೊಮ್ಮೆ ಅದರಿಂದ ಒಳ್ಳೇದೂ ಆಗುತ್ತೆ. ಅಮೆರಿಕದ ಪೇವ್‌ಮೆಂಟ್ ಅನ್ನೋ ರಾಕ್ ತಂಡ ಆಲ್ಬಂನಿಂದ ಕೈಬಿಟ್ಟು, 1999ರಲ್ಲಿ ಬಿ ಸೈಡ್ ಆಗಿ ಕೊಟ್ಟ ಹಾಡು 'ಹಾರ್ನೆಸ್ ಯುವರ್ ಹೋಪ್ಸ್'. ಸ್ಪಾಟಿಫೈನಲ್ಲಿ ಆ ತಂಡದ ಹಿಟ್ ಹಾಡುಗಳನ್ನೆಲ್ಲ ಅದು ಹಿಂದೆ ಹಾಕಿತು.

ಆದ್ರೆ ಇನ್ನೊಂದು ಮುಖ ನೋಡಿ. ಅದೇ ಸ್ಪಾಟಿಫೈನಲ್ಲಿ ಹಾಡನ್ನ ಕನಿಷ್ಠ 30 ಸೆಕೆಂಡ್ ಕೇಳಿದ್ರೆ ಮಾತ್ರ ಅದು ಲೆಕ್ಕಕ್ಕೆ. 2024ರಿಂದ ಹೊಸ ನಿಯಮವೂ ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಮೊದಲು ಮೂಲೆಯ ಹಾಡಿಗೆ ಪ್ರಚಾರ ಸಿಗ್ತಿರಲಿಲ್ಲ. ಆದರೂ ಆಲ್ಬಂ ಮಾರಾಟವಾದರೆ ಅದರ ಪಾಲೂ ಅದರಲ್ಲಿರ್ತಿತ್ತು. ಈಗ ಕೇಳೋರು ಇಲ್ಲದಿದ್ರೆ ಆ ಪಾಲೂ ಇಲ್ಲ.

ಇದಕ್ಕೆ ನಾವು ಮಾಡಬಹುದಾದದ್ದು ಸಣ್ಣ ಕೆಲಸ. ನಿಮಗಿಷ್ಟದ ಗಾಯಕರ ಒಂದು ಆಲ್ಬಂ ತೆಗೀರಿ. ಶಫಲ್ ಆಫ್ ಮಾಡಿ. ಹಿಟ್ ಹಾಡಿಗೆ ಹಾರದೆ, ಮೊದಲಿಂದ ಕೊನೇವರೆಗೆ ಕೇಳಿ. 1,000 ಅನ್ನೋದು ದೊಡ್ಡ ಸಂಖ್ಯೆ ಏನಲ್ಲ. ಒಂದು ಊರಿನ ಜನ ಮನಸ್ಸು ಮಾಡಿದ್ರೆ ಒಂದೇ ರಾತ್ರಿಯ ಕೆಲಸ.