ಮೊದಲ ವಾರದ ಫೋನು

2023ರ ಸೆಪ್ಟೆಂಬರ್ 22ರಂದು ಐಫೋನ್ 15 ಪ್ರೊ ಮಾರಾಟಕ್ಕೆ ಬಂತು. ವಾರ ಕಳೆಯುವಷ್ಟರಲ್ಲಿ ದೂರುಗಳೂ ಬಂದವು: ಫೋನು ಕೈ ಸುಡುತ್ತಿದೆ! ಕೆಲವರು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಳೆದರು. ಕಾರಣ ಹೇಳುವವರಿಗಂತೂ ಬರವಿರಲಿಲ್ಲ. ಚೌಕಟ್ಟಿಗೆ ಉಕ್ಕಿನ ಬದಲು ಟೈಟಾನಿಯಂ ಬಳಸಿದ್ದರಿಂದಲೇ ಹೀಗೆ ಎಂದು ಒಂದು ಗುಂಪು, 3 ನ್ಯಾನೊಮೀಟರ್ ತಂತ್ರದ ಹೊಸ ಚಿಪ್ಪಿನದೇ ದೋಷ ಎಂದು ಇನ್ನೊಂದು ಗುಂಪು. ಈ ಇಬ್ಬರಲ್ಲಿ ಯಾರು ಹೇಳಿದ್ದು ನಿಜವಾಗಿದ್ದರೂ ಆ ಫೋನಿಗೆ ಔಷಧವಿರಲಿಲ್ಲ. ವಾಪಸ್ ಕೊಡುವುದೊಂದೇ ದಾರಿ.

ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಆ್ಯಪಲ್ ಹೇಳಿದ್ದೇ ಬೇರೆ. ಐಒಎಸ್ 17ರಲ್ಲಿ ಒಂದು ದೋಷವಿದೆ, ಇನ್‌ಸ್ಟಾಗ್ರಾಮ್, ಊಬರ್, ಆ್ಯಸ್ಫಾಲ್ಟ್ 9 ಆಟದಂಥ ಕೆಲವು ಆ್ಯಪ್‌ಗಳು ಚಿಪ್ಪಿನ ಮೇಲೆ ಅತಿಯಾದ ಹೊರೆ ಹೇರುತ್ತಿವೆ, ಜೊತೆಗೆ ಹೊಸ ಫೋನು ಮೊದಲ ಕೆಲವು ದಿನ ಹಿನ್ನೆಲೆಯಲ್ಲಿ ವಿಪರೀತ ಕೆಲಸ ಮಾಡುತ್ತದೆ ಎಂದಿತು. ಅಕ್ಟೋಬರ್ 4ರಂದು ಐಒಎಸ್ 17.0.3 ಬಂತು, ದೂರುಗಳ ಸದ್ದು ಬಹುಮಟ್ಟಿಗೆ ಅಡಗಿತು. ಅಮೆರಿಕದಲ್ಲಿ ಆ್ಯಪಲ್‌ನ ಸ್ವಂತ ಅಂಗಡಿಯಿಂದ ಕೊಂಡದ್ದನ್ನು ಹಿಂತಿರುಗಿಸಲು ಇರುವ ಗಡುವು 14 ದಿನ. ಅಂದರೆ ಮೊದಲ ದಿನವೇ ಕೊಂಡವರಿಗೆ ಮದ್ದು ಸಿಕ್ಕಾಗ ಉಳಿದಿದ್ದದ್ದು ಎರಡೇ ದಿನ. ಅಷ್ಟರೊಳಗೆ ತಾಳ್ಮೆಗೆಟ್ಟು ಫೋನನ್ನು ಹಿಂತಿರುಗಿಸಿದವರನ್ನು ಅವಸರಗೇಡಿಗಳು ಎನ್ನುವಂತಿಲ್ಲ. ಅವರ ಕೈಯಲ್ಲಿದ್ದ ಮಾಹಿತಿ ಅಷ್ಟೇ ಇತ್ತು.

ಹೊಸ ಫೋನಿನ ಮೊದಲ ದಿನಗಳೆಂದರೆ ಬಾಡಿಗೆ ಮನೆ ಬದಲಿಸಿ ಲಾರಿಯಿಂದ ಸಾಮಾನು ಇಳಿಸಿದ ಹೊತ್ತು. ಹಳೆಯ ಫೋನಿನಿಂದ ಸಾವಿರಾರು ಚಿತ್ರಗಳು ಬಂದು ಬೀಳುತ್ತವೆ. ಪ್ರತಿ ಚಿತ್ರದಲ್ಲಿ ಯಾರ ಮುಖವಿದೆ, ಯಾವ ಜಾಗವಿದೆ ಎಂದು ಫೋನು ಕೂತು ವಿಂಗಡಿಸುತ್ತದೆ. ವಾಟ್ಸ್ಆ್ಯಪ್‌ನ ವರ್ಷಗಳ ಹರಟೆಯೆಲ್ಲ ಮರಳಿ ಇಳಿಯುತ್ತದೆ. ಹುಡುಕಾಟಕ್ಕೆ ಬೇಕಾದ ಸೂಚಿ ತಯಾರಾಗುತ್ತದೆ, ಆ್ಯಪ್‌ಗಳು ಒಂದರ ಹಿಂದೊಂದು ಅಪ್‌ಡೇಟ್ ಆಗುತ್ತವೆ, ಆಂಡ್ರಾಯ್ಡ್ ಆದರೆ ಆ್ಯಪ್‌ನ ಸಂಕೇತಗಳನ್ನು ತನ್ನ ಚಿಪ್ಪಿಗೆ ಹೊಂದುವಂತೆ ಅನುವಾದಿಸಿಕೊಳ್ಳುತ್ತದೆ. ಇಷ್ಟೂ ಕೆಲಸ ನಡೆಯುವುದು ಬಹುತೇಕ ಚಾರ್ಜಿಗೆ ಹಾಕಿದ ವೇಳೆಯಲ್ಲೇ. ಚಾರ್ಜಿಂಗ್ ಕೂಡ ಶಾಖ ಹುಟ್ಟಿಸುವ ಕ್ರಿಯೆಯೇ. ಬಹುತೇಕ ಫೋನುಗಳೊಳಗೆ ಫ್ಯಾನ್ ಇಲ್ಲ. ಗ್ರ್ಯಾಫೈಟ್ ಹಾಳೆಯೋ ಆವಿ ತುಂಬಿದ ತೆಳು ತಾಮ್ರದ ಕೋಶವೋ ಶಾಖವನ್ನು ಹರಡಿ ಚೌಕಟ್ಟಿಗೆ ದಾಟಿಸಬೇಕು. ಅಂಗೈಗೆ ಬಿಸಿ ತಾಗುವುದೆಂದರೆ ಒಳಗಿನ ಶಾಖ ಸರಿಯಾಗಿ ಹೊರಬರುತ್ತಿದೆ ಎಂದೂ ಹೌದು.

ಬ್ಯಾಟರಿಯ ಲೆಕ್ಕವೂ ಈ ಅವಧಿಯಲ್ಲಿ ಕಚ್ಚಾ ಲೆಕ್ಕ. ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾವಾರು ಅಂಕಿ ತೊಟ್ಟಿಯ ನೀರನ್ನು ಅಳೆದಂತೆ ನೇರವಾಗಿ ಅಳೆದದ್ದಲ್ಲ. ಒಳಗೆ ಹೋದ, ಹೊರಗೆ ಬಂದ ವಿದ್ಯುತ್ತನ್ನೂ ವೋಲ್ಟೇಜನ್ನೂ ನೋಡಿ ಒಂದು ಪುಟ್ಟ ಚಿಪ್ ಅಂದಾಜಿಸಿದ್ದು. ಕೆಲವು ಸಲ ಪೂರ್ತಿ ತುಂಬಿ, ಬಹುಪಾಲು ಖಾಲಿಯಾದ ಮೇಲೆ ಆ ಅಂದಾಜು ಹದಕ್ಕೆ ಬರುತ್ತದೆ. ಹಾಗಾಗಿ ಎರಡನೆಯ ದಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದರೆ ಗಾಬರಿ ಬೇಕಿಲ್ಲ. ಐದಾರು ದಿನದ ನಂತರವೂ, ಯಾರೂ ಮುಟ್ಟದೆ ಮೇಜಿನ ಮೇಲೆ ಸುಮ್ಮನಿಟ್ಟ ಫೋನು ಬೆಚ್ಚಗಿದ್ದರೆ, ರಾತ್ರಿಯಿಡೀ ಚಾರ್ಜು ಸೋರುತ್ತಿದ್ದರೆ ಆಗ ಅನುಮಾನಿಸಬೇಕು. ಬೆನ್ನು ಉಬ್ಬಿದರೆ ಅಥವಾ ಪರದೆಯ ಅಂಚು ಎದ್ದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಅದು ಬ್ಯಾಟರಿಯೊಳಗೆ ಅನಿಲ ತುಂಬುತ್ತಿರುವ ಗುರುತು. ಚಾರ್ಜ್ ಮಾಡುವುದನ್ನೇ ನಿಲ್ಲಿಸಬೇಕು.

ಇಷ್ಟು ಹೇಳಿದ ಮೇಲೂ ಹೊಸದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬ ಅಂಗಡಿಯವನ ಸಮಾಧಾನವನ್ನು ನಂಬಬೇಕಿಲ್ಲ. ಎಲೆಕ್ಟ್ರಾನಿಕ್ ಯಂತ್ರಗಳ ಆಯುಷ್ಯದಲ್ಲಿ ದೋಷ ಹೆಚ್ಚು ಕಾಣಿಸುವುದು ಎರಡು ಕಡೆ: ತೀರಾ ಹಳತಾದಾಗ, ಮತ್ತು ತೀರಾ ಹೊಸದಾಗಿದ್ದಾಗ. ನಡುವಿನ ವರ್ಷಗಳು ನೆಮ್ಮದಿಯವು. ಎಂಜಿನಿಯರುಗಳು ಇದನ್ನು ಗ್ರಾಫಿನಲ್ಲಿ ಬರೆದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ. ಕೋಲಾರದ ನರಸಾಪುರದಲ್ಲಿರಲಿ, ದೇವನಹಳ್ಳಿಯಲ್ಲಿರಲಿ, ಫೋನು ಜೋಡಿಸುವ ಕಾರ್ಖಾನೆಯಲ್ಲಿ ಪ್ರತಿ ಫೋನೂ ಹಲವು ಪರೀಕ್ಷೆ ದಾಟಿಯೇ ಪೆಟ್ಟಿಗೆ ಸೇರುತ್ತದೆ. ಆದರೆ ದಿನವೊಂದಕ್ಕೆ ಸಾವಿರಗಟ್ಟಲೆ ತಯಾರಾಗುವಾಗ ಒಂದೊಂದನ್ನೂ ವಾರಗಟ್ಟಲೆ ಓಡಿಸಿ ನೋಡಲು ಆಗುವುದಿಲ್ಲ. ಆ ಬಾಕಿ ಪರೀಕ್ಷೆ ನಡೆಯುವುದು ಕೊಂಡವರ ಜೇಬಿನಲ್ಲಿ.

ಅಲ್ಲಿ ಬಯಲಾಗುವ ದೋಷಗಳಲ್ಲಿ ಅತಿ ಕಪಟಿ ಯಾವುದೆಂದರೆ ಬಂದು ಹೋಗುವಂಥದ್ದು. ಫೋನಿನ ಮುಖ್ಯ ಚಿಪ್‌ಗಳಿಗೆ ಕಾಲುಗಳಿರುವುದಿಲ್ಲ. ಹೊಟ್ಟೆಯಡಿ ನೂರಾರು ಸಣ್ಣ ಬೆಸುಗೆಯ ಗುಂಡುಗಳಿದ್ದು, ಅವೇ ಅದನ್ನು ಬೋರ್ಡಿಗೆ ಕಚ್ಚಿಸಿರುತ್ತವೆ. ಐರೋಪ್ಯ ಒಕ್ಕೂಟ 2006ರಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಈ ಬೆಸುಗೆ ಹೆಚ್ಚಾಗಿ ತವರ, ಬೆಳ್ಳಿ, ತಾಮ್ರದ ಮಿಶ್ರಣ. ಅದರಲ್ಲೊಂದು ಗುಂಡು ಸರಿಯಾಗಿ ಕೂರದಿದ್ದರೆ ಅಥವಾ ಸೀಳಿದ್ದರೆ, ಫೋನು ತಣ್ಣಗಿರುವಾಗ ಸಂಪರ್ಕ ಉಳಿದು, ಬಿಸಿಯಾಗಿ ಲೋಹ ಹಿಗ್ಗಿದಾಗ ತಪ್ಪಬಹುದು. ಸ್ವಲ್ಪ ಬಾಗಿದರೂ ತಪ್ಪಬಹುದು. ಐಫೋನ್ 6 ಪ್ಲಸ್‌ನ ಪರದೆಯ ಮೇಲ್ತುದಿಯಲ್ಲಿ ಬೂದು ಪಟ್ಟೆ ಮಿನುಗಿ ಸ್ಪರ್ಶವೇ ಸತ್ತುಹೋಗುತ್ತಿದ್ದದ್ದು ಸ್ಪರ್ಶ ನಿಯಂತ್ರಿಸುವ ಚಿಪ್‌ನ ಬೆಸುಗೆ ಸಡಿಲವಾಗಿ ಎಂದು ರಿಪೇರಿಯವರು ಪತ್ತೆಹಚ್ಚಿದರು. ಫೋನನ್ನು ಕೊಂಚ ತಿರುಚಿದರೆ ಕ್ಷಣಕಾಲ ಸರಿಹೋಗುತ್ತಿತ್ತು! 2016ರ ನವೆಂಬರಿನಲ್ಲಿ ಆ್ಯಪಲ್ 149 ಡಾಲರಿಗೆ ರಿಪೇರಿ ಯೋಜನೆ ತಂದಿತು, ಗಟ್ಟಿ ನೆಲದ ಮೇಲೆ ಹಲವು ಬಾರಿ ಬಿದ್ದ ಫೋನುಗಳಲ್ಲಿ ಹೀಗಾಗುತ್ತದೆ ಎಂಬ ವಿವರಣೆಯ ಜೊತೆಗೆ.

ಎಲ್‌ಜಿ ತಯಾರಿಸಿದ ಗೂಗಲ್ ನೆಕ್ಸಸ್ 5ಎಕ್ಸ್‌ನ ಕಥೆ ಇನ್ನೂ ವಿಚಿತ್ರ. ಆನ್ ಆಗುವುದು, ಲೋಗೊ ತೋರಿಸುವುದು, ಆಫ್ ಆಗುವುದು, ಮತ್ತೆ ಆನ್ ಆಗುವುದು. ಅದರ ಚಿಪ್ಪಿನಲ್ಲಿದ್ದ ಆರು ಕೋರ್‌ಗಳ ಪೈಕಿ ವೇಗದ ಎರಡನ್ನು ತಂತ್ರಾಂಶದಿಂದ ಮುಚ್ಚಿದರೆ ಎಷ್ಟೋ ಫೋನುಗಳು ಜೀವ ಪಡೆದವು, ನಿಧಾನವಾಗಿ ನಡೆಯುತ್ತ. ತಂತ್ರಾಂಶದಿಂದ ಸರಿಹೋಯಿತು ಎಂದ ಮಾತ್ರಕ್ಕೆ ಅದು ತಂತ್ರಾಂಶದ ದೋಷವಾಗಿತ್ತು ಎಂದಲ್ಲ. ಕೊನೆಗೆ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿ, 2018ರಲ್ಲಿ ಎಲ್‌ಜಿ ರಾಜಿ ಮಾಡಿಕೊಂಡಿತು.

ಇಂಥ ಫೋನನ್ನು ಸರ್ವಿಸ್ ಸೆಂಟರಿನ ಕೌಂಟರಿಗೆ ಒಯ್ದ ದಿನ ಅದು ಸದ್ಗುಣಿಯಂತೆ ವರ್ತಿಸುತ್ತದೆ. ಜಾಬ್ ಶೀಟಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ವಾಪಸ್ ಕೊಡುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ಬಂದು ಹೋಗುವ ದೋಷವನ್ನು ಮನೆಯವರ ಇನ್ನೊಂದು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು ಯಾವ ವಾದಕ್ಕಿಂತಲೂ ಗಟ್ಟಿ. ಸದಾ ಇರುವ ಸಣ್ಣ ದೋಷಕ್ಕಿಂತ ಆಗಾಗ ಬರುವ ದೊಡ್ಡ ದೋಷವೇ ವಾಪಸಾತಿಗೆ ಹೆಚ್ಚು ಯೋಗ್ಯ. ಬಿಸಿಯಾದಾಗ, ಒತ್ತಿದಾಗ, ಅಲುಗಿಸಿದಾಗ ಬರುವಂಥದ್ದಾದರಂತೂ ಎರಡನೆಯ ಯೋಚನೆ ಬೇಡ.

ಹಾಗಾದರೆ ದೋಷ ಬೆಸುಗೆಯದೋ ಆ್ಯಪ್‌ನದೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ? ಆಂಡ್ರಾಯ್ಡ್ ಫೋನುಗಳಲ್ಲಿ ಸೇಫ್ ಮೋಡ್ ಎಂಬ ವ್ಯವಸ್ಥೆಯಿದೆ. ಕೊಂಡವರು ಆಮೇಲೆ ಹಾಕಿಕೊಂಡ ಆ್ಯಪ್‌ಗಳನ್ನೆಲ್ಲ ಅದು ತಾತ್ಕಾಲಿಕವಾಗಿ ಮಲಗಿಸುತ್ತದೆ. ಒಂದು ದಿನ ಹಾಗೆ ಬಳಸಿದಾಗ ತೊಂದರೆ ಮಾಯವಾದರೆ ಕಳ್ಳ ಹೆಚ್ಚಾಗಿ ಯಾವುದೋ ಆ್ಯಪ್. ಅಲ್ಲೂ ಮುಂದುವರಿದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಹಳೆಯ ಬ್ಯಾಕಪ್ ಹಾಕದೆ, ಬರಿಗೈ ಫೋನನ್ನು ಪರೀಕ್ಷಿಸಬೇಕು. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ *#0*# ಒತ್ತಿದರೆ ಪರದೆ, ಸ್ಪರ್ಶ, ಸ್ಪೀಕರ್, ಸೆನ್ಸರ್‌ಗಳನ್ನು ಪರೀಕ್ಷಿಸುವ ಪುಟ ತೆರೆಯುತ್ತದೆ. ಕರೆ ಮಾಡುವಾಗ ಪರದೆ ಆರದೆ ಕೆನ್ನೆ ತಾಗಿ ಮ್ಯೂಟ್ ಆಗುತ್ತಿದ್ದರೆ ಮೊದಲು ಟೆಂಪರ್ಡ್ ಗ್ಲಾಸ್ ಕಿತ್ತು ನೋಡಬೇಕು. ಫೋನು ಕೊಂಡ ಅಂಗಡಿಯಲ್ಲೇ ಉಚಿತವಾಗಿ ಅಂಟಿಸಿದ ಗಾಜು ಸಾಮೀಪ್ಯ ಸೆನ್ಸರಿಗೆ ಅಡ್ಡ ಬಂದಿರುವುದುಂಟು. ಸಿಗ್ನಲ್ ಇಲ್ಲವೆಂದಾದರೆ ಅದೇ ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿ, ಅದೇ ಜಾಗದಲ್ಲಿ ನಿಂತು ಹೋಲಿಸಬೇಕು.

ಸಿಗ್ನಲ್ ಎಂದಾಗ 2010ರ ಐಫೋನ್ 4 ಪ್ರಸಂಗ ಬಿಡುವಂತಿಲ್ಲ. ಆ ಫೋನಿನ ಉಕ್ಕಿನ ಚೌಕಟ್ಟೇ ಆ್ಯಂಟೆನಾ. ಎಡಬದಿಯ ಕೆಳಗಿನ ಸಣ್ಣ ಬಿರುಕನ್ನು ಅಂಗೈ ಮುಚ್ಚಿದರೆ ಎರಡು ಆ್ಯಂಟೆನಾಗಳ ನಡುವೆ ಚರ್ಮವೇ ಸೇತುವೆಯಾಗಿ ಸಿಗ್ನಲ್ ಕುಸಿಯುತ್ತಿತ್ತು. ಬಿಗಿಯಾಗಿ ಹಿಡಿದಾಗ ಸುಮಾರು 24 ಡೆಸಿಬೆಲ್ ಇಳಿಯುತ್ತದೆ ಎಂದು ಆನಂದ್‌ಟೆಕ್ ತಾಣ ಅಳೆದು ಹೇಳಿತು. ಡೆಸಿಬೆಲ್ ಲೆಕ್ಕದಲ್ಲಿ ಅದು ಸುಮಾರು 250ರಲ್ಲಿ ಒಂದು ಪಾಲು ಮಾತ್ರ ಉಳಿದಂತೆ. ಪರದೆಯ ಮೇಲಿನ ಕಡ್ಡಿಗಳನ್ನು ಎಣಿಸುವ ಸೂತ್ರವೇ ತಪ್ಪಾಗಿತ್ತು, ಇಲ್ಲದ ಸಿಗ್ನಲ್ಲನ್ನೂ ತೋರಿಸುತ್ತಿತ್ತು ಎಂದು ಆ್ಯಪಲ್ ಒಪ್ಪಿಕೊಂಡಿತು. ಜುಲೈ 16ರ ಪತ್ರಿಕಾಗೋಷ್ಠಿಯಲ್ಲಿ ಸ್ಟೀವ್ ಜಾಬ್ಸ್ ಬಂಪರ್ ಎಂಬ ರಬ್ಬರಿನ ಹೊರಕವಚ ಉಚಿತ ಎಂದರು. ಬೇಡವಾದವರು ಹಣ ವಾಪಸ್ ಪಡೆಯಬಹುದು ಎಂದೂ ಹೇಳಿದರು. ಎಟಿ ಅಂಡ್ ಟಿ ಮೂಲಕ ಹಿಂದಿರುಗಿದ ಫೋನುಗಳು ಶೇಕಡಾ 1.7 ಮಾತ್ರ, ಹಿಂದಿನ 3ಜಿಎಸ್ ಮಾದರಿಯಲ್ಲಿ ಅದು 6 ಇತ್ತು ಎಂಬುದು ಅವರು ಕೊಟ್ಟ ಅಂಕಿ. ಇದು ಎಲ್ಲ ಫೋನುಗಳಲ್ಲೂ ಇದ್ದ ವಿನ್ಯಾಸದ ದೋಷವಾದ್ದರಿಂದ ಒಂದನ್ನು ಕೊಟ್ಟು ಅದೇ ಮಾದರಿಯ ಮತ್ತೊಂದನ್ನು ತಂದು ಪ್ರಯೋಜನವಿರಲಿಲ್ಲ.

ಒಂದು ಫೋನಿನ ದೋಷ ಬೇರೆ, ಇಡೀ ಮಾದರಿಯ ದೋಷ ಬೇರೆ ಎಂಬ ಈ ವ್ಯತ್ಯಾಸವನ್ನು ಭಾರತದ ಆನ್‌ಲೈನ್ ಅಂಗಡಿಗಳು ಮರೆಸುತ್ತವೆ. ಫೋನುಗಳಿಗೆ ಅಲ್ಲಿ ಹೆಚ್ಚಾಗಿ ಇರುವುದು ‘7 ದಿನದಲ್ಲಿ ಬದಲಿ’ ಮಾತ್ರ, ಹಣವಲ್ಲ. ಕೈಗೆ ಬಂದ ಒಂದು ಫೋನಿನ ಮೈಕ್ ಸತ್ತಿದ್ದರೆ ಬದಲಿಯೇ ಸರಿಯಾದ ಪರಿಹಾರ. ಆ ಮಾದರಿಯೇ ಹಾಳಾಗಿದ್ದರೆ ಬದಲಿಯೆಂದರೆ ಅದೇ ತೊಂದರೆಯ ಎರಡನೆಯ ಪ್ರತಿ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಇದನ್ನು ಬೆಂಕಿಯಲ್ಲಿ ಬರೆದು ತೋರಿಸಿತು. 2016ರ ಆಗಸ್ಟ್ 19ರಂದು ಮಾರಾಟ ಆರಂಭ. ಬ್ಯಾಟರಿಗೆ ಬೆಂಕಿ ಹತ್ತಿದ ವರದಿಗಳು ಬಂದು ಸೆಪ್ಟೆಂಬರ್ 2ಕ್ಕೆ 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಯುವ ಘೋಷಣೆ. ಇನ್ನೊಂದು ಕಂಪನಿಯ ಬ್ಯಾಟರಿ ಹಾಕಿದ ಬದಲಿ ಫೋನುಗಳು ಬಂದವು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಹಾರಲು ಸಜ್ಜಾಗಿದ್ದ ವಿಮಾನದಲ್ಲಿ ಅಂಥದೇ ಒಂದು ಬದಲಿ ಫೋನು ಹೊಗೆಯಾಡಿ ಪ್ರಯಾಣಿಕರನ್ನೆಲ್ಲ ಇಳಿಸಬೇಕಾಯಿತು. ಅದಾದ ವಾರದೊಳಗೆ ತಯಾರಿಕೆಯೇ ನಿಂತಿತು. 700 ಮಂದಿ ಎಂಜಿನಿಯರುಗಳು 2 ಲಕ್ಷ ಫೋನು, 30 ಸಾವಿರ ಬ್ಯಾಟರಿಗಳನ್ನು ಪರೀಕ್ಷಿಸಿ 2017ರ ಜನವರಿ 23ರಂದು ಹೊರಗಿಟ್ಟ ಫಲಿತಾಂಶ: ಎರಡು ಬ್ಯಾಟರಿಗಳು, ಎರಡು ಬೇರೆ ಬೇರೆ ದೋಷಗಳು. ಮೊದಲನೆಯದರಲ್ಲಿ ಹೊರಚೀಲ ಬಿಗಿಯಾಗಿ ಮೇಲಿನ ಬಲಮೂಲೆಯಲ್ಲಿ ಋಣ ವಿದ್ಯುದ್ವಾರ ಬಾಗಿತ್ತು. ಎರಡನೆಯದರಲ್ಲಿ ಬೆಸುಗೆಯ ಚೂಪು ಮುಳ್ಳುಗಳು ಎರಡು ಧ್ರುವಗಳ ನಡುವಿನ, ಕೂದಲಿಗಿಂತ ತೆಳುವಾದ ಪೊರೆಯನ್ನು ಚುಚ್ಚುತ್ತಿದ್ದವು. ಭಾರತದಲ್ಲಿ ಮಾರಾಟ ಶುರುವಾಗುವ ಮೊದಲೇ ತಡೆಬಿದ್ದದ್ದು ಇಲ್ಲಿನವರ ಅದೃಷ್ಟ.

ಇನ್ನು ಕೆಲವು ದೋಷಗಳು ಯಾವ ಗಡುವಿಗೂ ಸಿಗುವುದಿಲ್ಲ. ಅಮೊಲೆಡ್ ಪರದೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಹಸಿರು ಗೆರೆ ಮೂಡುವುದು ಭಾರತದಲ್ಲಿ ಒನ್‌ಪ್ಲಸ್, ಸ್ಯಾಮ್‌ಸಂಗ್ ಬಳಸುವ ಅನೇಕರಿಗೆ ಪರಿಚಿತ ಸಂಕಟ. ಪರದೆಯ ಪ್ರತಿ ಕಂಬಸಾಲಿಗೂ ಒಂದು ಸೂಕ್ಷ್ಮ ತಂತಿಯಿಂದ ಆಜ್ಞೆ ಬರಬೇಕು. ಆ ತಂತಿ ಅಥವಾ ಅಂಚಿನ ಅದರ ಜೋಡಣೆ ಕೈಕೊಟ್ಟರೆ ಇಡೀ ಸಾಲು ಒಂದೇ ಬಣ್ಣದಲ್ಲಿ ಹೆಪ್ಪುಗಟ್ಟುತ್ತದೆ. ಅಪ್‌ಡೇಟ್ ಮಾಡಿದ ಮೇಲೇ ಬಂತು ಎಂದು ಜನ ಹೇಳುತ್ತಾರೆ, ಆದರೆ ರೀಸೆಟ್ ಮಾಡಿದರೆ ಗೆರೆ ಹೋಗುವುದಿಲ್ಲ. ಕೊಂಡು ವರ್ಷಗಳಾದ ಮೇಲೆ ಬರುವ ಈ ದೋಷಕ್ಕೆ ಒನ್‌ಪ್ಲಸ್ 2023ರಲ್ಲಿ ಭಾರತದ ಗ್ರಾಹಕರಿಗೆ ಪರದೆಯ ಆಜೀವ ವಾರಂಟಿ ಘೋಷಿಸಿತು. ಗ್ರಾಹಕರು ಗಲಾಟೆ ಮಾಡದಿದ್ದರೆ ಅದು ಬರುತ್ತಿರಲಿಲ್ಲ ಎನ್ನುವುದರಲ್ಲಿ ಅನುಮಾನವಿಲ್ಲ.

ಕಾನೂನು ಏನನ್ನುತ್ತದೆ? ಬ್ರಿಟನ್ನಿನಲ್ಲಿ 2015ರ ಕಾಯ್ದೆಯಂತೆ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಭಾರತದಲ್ಲಿ ಹಾಗೆ ದಿನ ಎಣಿಸಿ ಕೊಟ್ಟಿಲ್ಲ. ಆದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಆಯೋಗಕ್ಕೆ ಹೋದರೂ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅಂಗಡಿಯಲ್ಲಿ ಕೊಂಡವರಿಗೆ ಸರ್ವಿಸ್ ಸೆಂಟರಿನವರು ‘ಡಿಒಎ’ ಪತ್ರ, ಅಂದರೆ ಬರುವಾಗಲೇ ಕೆಟ್ಟಿತ್ತು ಎಂಬ ಬರಹ, ಕೊಟ್ಟರೆ ಬದಲಿ ಸಲೀಸು. ಅದಕ್ಕಾಗಿ ಮೊದಲ ಭೇಟಿಯಲ್ಲೇ ಫೋನು ಬಿಚ್ಚಿ ರಿಪೇರಿ ಮಾಡಲು ಒಪ್ಪಬಾರದು. ಒಮ್ಮೆ ಬಿಚ್ಚಿದ ಮೇಲೆ ಅದು ಬದಲಿಯ ಪ್ರಕರಣವಾಗಿ ಉಳಿಯುವುದು ಕಷ್ಟ.

ಬದಲಿ ಬಂದಾಗಲೂ *#06# ಒತ್ತಿ ಐಎಂಇಐ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನದರೊಂದಿಗೆ ಹೋಲಿಸಿಕೊಳ್ಳುವುದು ಒಳ್ಳೆಯದು. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಆ 15 ಅಂಕಿಗಳನ್ನು 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಸಂಖ್ಯೆ ಸಾಚಾ ಹೌದೇ ಎಂದು ದೂರಸಂಪರ್ಕ ಇಲಾಖೆಯ ವ್ಯವಸ್ಥೆ ತಿಳಿಸುತ್ತದೆ. ಕೆಟ್ಟದ್ದನ್ನು ಒಪ್ಪಿಸುವ ಮುನ್ನ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬಂದು ಎಲ್ಲ ಅಳಿಸಬೇಕು, ಇಲ್ಲವಾದರೆ ಬೀಗ ಬಿದ್ದ ಫೋನೆಂದು ಒಯ್ಯಲು ಬಂದ ಹುಡುಗ ಬಾಗಿಲಲ್ಲೇ ಬಿಟ್ಟುಹೋಗುತ್ತಾನೆ.

ಹಿಂದಿರುಗಿದ ಫೋನುಗಳೆಲ್ಲ ಕಸಕ್ಕೆ ಹೋಗುವುದಿಲ್ಲ. ಪರೀಕ್ಷೆ, ರಿಪೇರಿ ಮುಗಿಸಿ ‘ರೀಫರ್ಬಿಶ್ಡ್’ ಹೆಸರಲ್ಲಿ ಎಷ್ಟೋ ಮತ್ತೆ ಮಾರುಕಟ್ಟೆ ಸೇರುತ್ತವೆ. ನೋಟ್ 7ಕ್ಕೂ ಆ ಭಾಗ್ಯ ಒದಗಿತು. 2017ರ ಜುಲೈನಲ್ಲಿ ಸ್ಯಾಮ್‌ಸಂಗ್ ದಕ್ಷಿಣ ಕೊರಿಯಾದಲ್ಲಿ 4 ಲಕ್ಷ ‘ನೋಟ್ ಎಫ್‌ಇ’ ಫೋನುಗಳನ್ನು ಕಡಿಮೆ ಬೆಲೆಗೆ ಮಾರಾಟಕ್ಕಿಟ್ಟಿತು. ಪರದೆ, ಚಿಪ್, ಕ್ಯಾಮೆರಾ ಎಲ್ಲ ನೋಟ್ 7ರವೇ. ಬ್ಯಾಟರಿ ಮಾತ್ರ 3500 ಎಂಎಎಚ್ ಇದ್ದದ್ದು 3200 ಆಗಿತ್ತು.